ಬಟನ್ ಟೈರಿಗೆ ಹಚ್ಚಿದ ಕುಂಕುಮ

ಮೋಟಾರು ಸೈಕಲ್ಲಿಗೆ ಟೈರು ಆರಿಸುವುದು ಗಂಡಸರ ಕೆಲಸ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿತ್ತು. ಆ ಟೈರು ಜಾರಿದಾಗ ಕೆಸರಿಗೆ ಬೀಳುವುದು ನನ್ನ ಕೆಲಸ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ವಯಸ್ಸಾಯಿತು, ಇನ್ನಾದರೂ ಸಿಟ್ಟು ಬಿಡಮ್ಮ ಎನ್ನುತ್ತಾರೆ ಮಕ್ಕಳು. ಬಿಡುವುದಿಲ್ಲ. ಯಾಕೆ ಬಿಡಬೇಕು?

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಉಪಕೇಂದ್ರದಲ್ಲಿ ನರ್ಸು. ಹೆರಿಗೆ ಮಾಡಿಸುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು ನನ್ನ ಕೆಲಸ. ಮನೆ ಗುಬ್ಬಿಯಲ್ಲಿ, ಯಜಮಾನರು, ನಾನು, ಅತ್ತೆ. ಯಜಮಾನರಿಗೆ ತುಮಕೂರಿನ ಒಂದು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ದಿನಾ ಡಾಂಬರು ರಸ್ತೆಯಲ್ಲಿ ಮೋಟಾರು ಸೈಕಲ್ ಓಡಿಸಿಕೊಂಡು ಹೋಗಿ ಬರುತ್ತಿದ್ದರು. ಹಳ್ಳಿಯಿಂದ ಹೆರಿಗೆಗೆ ಕರೆ ಬಂದರೆ ಅದೇ ಗಾಡಿಯ ಹಿಂದೆ ನನ್ನನ್ನು ಕೂರಿಸಿಕೊಂಡು ಮಣ್ಣು ದಾರಿಗೆ ಇಳಿಯುತ್ತಿದ್ದರು. ಗೊಣಗದೆ ಬರುತ್ತಿದ್ದರು, ಅದನ್ನು ಇಲ್ಲ ಎನ್ನಲಾರೆ. ಆದರೆ ಗಾಡಿ ಒಂದು, ದಾರಿ ಎರಡು ಥರದ್ದು. ತಾಪತ್ರಯವೆಲ್ಲ ಅಲ್ಲೇ ಇತ್ತು.

ಯಜಮಾನರಿಗೆ ಒಬ್ಬಳೇ ತಂಗಿ. ಕುಣಿಗಲ್ ಪೇಟೆ ದಾಟಿ, ದೊಡ್ಡ ಕೆರೆಯ ಮಗ್ಗುಲಿನ ಮಣ್ಣು ದಾರಿಯಲ್ಲಿ ಒಳಕ್ಕೆ ಹೋದರೆ ಸಿಗುವ ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಅವಳ ಮೊದಲ ಹೆರಿಗೆ ಪದ್ಧತಿಯಂತೆ ತವರಿನಲ್ಲಿ, ಅಂದರೆ ನಮ್ಮ ಮನೆಯಲ್ಲಿ, ನನ್ನ ಕೈಯಲ್ಲೇ ಆಯಿತು. ಗುಂಡುಗುಂಡಾದ ಹೆಣ್ಣು ಮಗು. ಎರಡನೆಯದು ಗಂಡನ ಮನೆಯಲ್ಲೇ ಆಗಬೇಕೆಂದು ಅವಳ ಅತ್ತೆಮನೆಯವರು ಪಟ್ಟು ಹಿಡಿದರು. ಹಾಗಾದರೆ ಕುಣಿಗಲ್ ಆಸ್ಪತ್ರೆಗಾದರೂ ಸೇರಿಸಿ ಎಂದು ನಾನು ಬಾಯಿ ಬಡಿದುಕೊಂಡೆ. "ಮನೇಲೇ ನರ್ಸಮ್ಮ ಇರೋವಾಗ ಆಸ್ಪತ್ರೆ ಯಾಕವ್ವಾ? ನೀನೇ ಬಂದ್ಬುಡು" ಎಂದು ನಕ್ಕರು.

ನೋವು ಶುರುವಾದ ಸುದ್ದಿ ಕುಣಿಗಲ್ಲಿನಿಂದ ಯಜಮಾನರ ಕಚೇರಿಗೆ ಫೋನಿನಲ್ಲಿ ಬಂತು. ಅವರು ಗುಬ್ಬಿಗೆ ಓಡಿ ಬಂದು ನನ್ನನ್ನು ಹತ್ತಿಸಿಕೊಂಡರು. ಮಳೆಗಾಲ. ಕುಣಿಗಲ್ ತನಕ ಏನೂ ಆಗಲಿಲ್ಲ. ಕೆರೆಯ ಮಗ್ಗುಲಿನ ದಾರಿಯಲ್ಲಿ ಹಿಂದಿನ ಚಕ್ರ ಸುಯ್ಯೆಂದು ಜಾರಿತು. ಯಜಮಾನರು ಎರಡೂ ಕಾಲು ಊರಿ ನಿಂತುಕೊಂಡರು. ನಾನು ಸೀರೆ ಉಟ್ಟ ಹೆಂಗಸು, ಎಲ್ಲ ಮರ್ಯಾದಸ್ತ ಹೆಂಗಸರ ಹಾಗೆ ಎರಡೂ ಕಾಲನ್ನು ಎಡಗಡೆಗೇ ಇಳಿಬಿಟ್ಟು ಕೂತಿದ್ದೆ. ತೊಡೆಯ ಮೇಲೆ ಹೆರಿಗೆಯ ಬ್ಯಾಗು. ಊರಲು ನನಗೆ ಕಾಲೆಲ್ಲಿತ್ತು? ಬೆನ್ನಡಿಯಾಗಿ ಚರಂಡಿಗೆ ಬಿದ್ದೆ. ಕುದಿಸಿ ಇಟ್ಟುಕೊಂಡಿದ್ದ ಕತ್ತರಿ, ಕೈಗವಸು ಎಲ್ಲ ಬಗ್ಗಡದ ಪಾಲಾದವು. ಕಾಲು ಉಳುಕಿತು. ಗಾಡಿ ಮತ್ತೆ ಸ್ಟಾರ್ಟ್ ಆಗಲಿಲ್ಲ. ಮಿಕ್ಕ ದಾರಿಯನ್ನು ಕುಂಟಿಕೊಂಡು ನಡೆದೆ.

ಮಗು ಕಾಲು ಮುಂದಾಗಿ ಬಂದಿತ್ತು. ತಲೆ ಬಿಡಿಸಲು ಅಲ್ಲಿದ್ದ ಹೆಂಗಸರಿಗೆ ಗೊತ್ತಾಗಿರಲಿಲ್ಲ. ನನಗೆ ಗೊತ್ತಿತ್ತು. ಅಂಥ ಎಷ್ಟೋ ಹೆರಿಗೆ ನಾನು ಮಾಡಿಸಿದ್ದೆ. ನಾನು ಬಾಗಿಲಿಗೆ ಬರುವ ಹೊತ್ತಿಗೆ ಎಲ್ಲ ಮುಗಿದು, ಮಗುವನ್ನು ಹಳೇ ಪಂಚೆಯಲ್ಲಿ ಸುತ್ತಿ ಮೂಲೆಯಲ್ಲಿ ಮಲಗಿಸಿದ್ದರು. ನಾದಿನಿ ನನ್ನನ್ನು ನೋಡಿದಳು. "ಬಿದ್ಬುಟ್ರಾ ಅತ್ತಿಗೆ?" ಎಂದಳು, ಅಷ್ಟೆ.

ಈ ಸಾವಿಗೆ ಕಾರಣ ಏನೆಂದು ನಮ್ಮ ಮನೆಯಲ್ಲಿ ಪಂಚಾಯಿತಿ ಆಯಿತು. ಟೈರು ಸವೆದು ಬೋಳಾಗಿತ್ತು, ಅದೇ ಕಾರಣ ಎಂದು ಇತ್ಯರ್ಥವಾಯಿತು. ಸುಳ್ಳಲ್ಲ, ಬೋಳಾಗಿಯೇ ಇತ್ತು. ಮುಂದಿನ ಹೆರಿಗೆಗೆ ಹೀಗಾಗಬಾರದು, ಒಳ್ಳೆಯ ಟೈರು ಹಾಕಿಸಬೇಕು, ಆದರೆ ಕೈಗೆ ಎಟುಕುವಂಥದ್ದಾಗಬೇಕು ಎಂದು ಯಜಮಾನರು ಹೊರಟರು. ಒಂದು ಟೈರಿನ ವಿಚಾರ ಇಷ್ಟು ದೊಡ್ಡ ಪುರಾಣವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಹೆಣ್ಣು ನೋಡುವಾಗಲೂ ಅವರು ಇಷ್ಟು ಯೋಚಿಸಿರಲಿಲ್ಲ!

ಅವರ ಕಚೇರಿ ತುಂಬ ಟೈರು ಪಂಡಿತರೇ. ಒಬ್ಬ ಲೈನ್ ಟೈರು ಹಾಕಿಸು ಎಂದ. ಅದರ ಮೇಲೆ ಉದ್ದುದ್ದ ಗೀರು ಇರುತ್ತದೆ, ಡಾಂಬರಿನ ಮೇಲೆ ಸದ್ದಿಲ್ಲದೆ ಓಡುತ್ತದೆ, ಬೇಗ ಸವೆಯುವುದಿಲ್ಲ. ಇನ್ನೊಬ್ಬ ಬಟನ್ ಟೈರೇ ಸರಿ ಎಂದ. ಅದರ ಮೇಲೆಲ್ಲ ಗುಬುಟು ಗುಬುಟು, ಮಣ್ಣಿನಲ್ಲಿ ಕಚ್ಚಿಕೊಳ್ಳುತ್ತದೆ. ಆದರೆ ಡಾಂಬರಿನ ಮೇಲೆ ಗೊರಗೊರ ಸದ್ದು, ಸವೆತವೂ ಜಾಸ್ತಿ. ಮೂರನೆಯವನು ಎರಡೂ ಬೇಡ, ಹಳೇ ಟೈರಿಗೇ ಹೊಸ ರಬ್ಬರು ಕೂರಿಸಿ ಕೊಡುತ್ತಾರೆ, ರೀಸೋಲ್ ಮಾಡಿಸು, ಅಗ್ಗ ಎಂದ. ದಿನಾ ಸಂಜೆ ಊಟಕ್ಕೆ ಕೂತಾಗ ಇದೇ ಪಾಠ. ಸಾರಿಗೆ ಉಪ್ಪು ಹಾಕಿಲ್ಲದಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅಲ್ಲ, ಈ ಪಂಡಿತರಲ್ಲಿ ಒಬ್ಬನಾದರೂ ಹಿಂದೆ ಯಾರು ಕೂರುತ್ತಾರೆ, ಹೇಗೆ ಕೂರುತ್ತಾರೆ ಎಂದು ಕೇಳಿದನೇ?

ಅಗ್ಗದ್ದೇ ಗೆದ್ದಿತು. ರೀಸೋಲ್ ಮಾಡಿಸಿದರು. ಬಟನ್ ಅಚ್ಚಿನ ರಬ್ಬರು, ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಮೊದಲ ಮಳೆಗೆ ಗುಬ್ಬಿಯ ಆಚೆ ಒಂದು ಹೆರಿಗೆಗೆ ಹೊರಟೆವು. ಊರ ಮುಂದಿನ ಕಟ್ಟೆಯ ಹತ್ತಿರ ಗಾಡಿ ಜಾರಿತು, ನಾನು ಬಿದ್ದೆ. ಎಡಗಡೆಗೆ. ಗಾಳಿ ಜಾಸ್ತಿಯಾಗಿತ್ತು ಎಂದು ಯಜಮಾನರು ಗಾಳಿ ಇಳಿಸಿದರು. ಮತ್ತೊಂದು ಊರಿನಲ್ಲಿ ಮತ್ತೆ ಬಿದ್ದೆ. ಮತ್ತೆ ಎಡಗಡೆಗೇ. ಆಗ ಗಾಳಿ ಕಡಿಮೆಯಾಯಿತು ಎಂದರು! ಅತ್ತೆ ಬೇರೆಯೇ ಹಾಡು ಹಾಡಿದರು. "ಅವ್ನೇನ್ ಮಾಡ್ತಾನೆ? ಇವ್ಳು ಗಟ್ಟಿಯಾಗಿ ಹಿಡ್ಕೊಳಲ್ಲ. ಮೈ ಬಿಟ್ಕೊಂಡು ಕೂತ್ಕೋತಾಳೆ." ನನ್ನ ಮೊಣಕೈಯ ತರಚು ಗಾಯಕ್ಕೆ ನಾನೇ ಟಿಂಕ್ಚರ್ ಹಚ್ಚಿಕೊಳ್ಳುತ್ತ ಇದನ್ನು ಕೇಳಿಸಿಕೊಂಡೆ. ಹಚ್ಚಿದ ಟಿಂಕ್ಚರಿಗಿಂತ ಆ ಮಾತೇ ಜಾಸ್ತಿ ಉರಿಯಿತು.

ಅಷ್ಟರಲ್ಲಿ ನಾದಿನಿ ಮತ್ತೆ ಬಸುರಿಯಾದಳು. ಮಳೆಗಾಲಕ್ಕೇ ದಿನ ತುಂಬುತ್ತಿತ್ತು. ನಮ್ಮ ಮನೆಗೆ ಕಳಿಸಿ ಎಂದರೆ ಕಳಿಸಲಿಲ್ಲ, ಆಸ್ಪತ್ರೆ ಎಂದರೆ ಈ ಸಲವೂ ಅದೇ ನಗು. ಅವಳು ನನ್ನ ಕೈ ಹಿಡಿದುಕೊಂಡು, "ಅತ್ತಿಗೆ, ನೀವೇ ಬರ್ಬೇಕು. ಹೆಂಗಾದ್ರೂ ಬನ್ನಿ" ಎಂದಳು. ಬರುತ್ತೇನೆ ಎಂದು ಮಾತು ಕೊಟ್ಟೆ. ಹೆರಿಗೆ ಮಾಡಿಸುವುದು ನನಗೆ ಹೆದರಿಕೆಯ ಕೆಲಸವಲ್ಲ. ನನಗೆ ಹೆದರಿಕೆ ಇದ್ದದ್ದು ಆ ಕೆರೆ ಮಗ್ಗುಲಿನ ದಾರಿಯದು.

ಒಂದು ದಿನ ಬೆಳಿಗ್ಗೆ ಉಪಕೇಂದ್ರದ ಬಾಗಿಲಲ್ಲಿ ನಿಂತಿದ್ದೆ. ಹಾಲಿನವನು ಸೈಕಲ್ಲಿನಲ್ಲಿ ಬಂದ. ಹಿಂದೆ ಎಡಗಡೆ ಒಂದು ಕ್ಯಾನು, ಬಲಗಡೆ ಒಂದು ಕ್ಯಾನು. ಎಡಗಡೆಯ ಕ್ಯಾನನ್ನು ಇಳಿಸುವ ಮೊದಲು ಸೈಕಲ್ಲನ್ನು ಗೋಡೆಗೆ ಒರಗಿಸಿದ. ಯಾಕಪ್ಪಾ ಎಂದರೆ, "ಒಂದ್ ಕಡೆ ಭಾರ ಆದ್ರೆ ಮಗುಚ್ಕೊಳಲ್ವಾ ನರ್ಸಮ್ಮಾ?" ಎಂದ. ಹೊಸ ವಿಷಯವೇನಲ್ಲ, ಹಾಲು ಕಾಯಿಸಿದಷ್ಟೇ ಸಾಮಾನ್ಯದ ಮಾತು. ಆದರೆ ಕೇಳಿದ್ದೇ ನನ್ನ ಪಿತ್ತ ನೆತ್ತಿಗೇರಿತು. ಹಾಲಿನ ಕ್ಯಾನಿಗೆ ಇರುವ ನ್ಯಾಯ ನನಗೆ ಇಲ್ಲವಲ್ಲ! ಮೂಟೆ ಕಟ್ಟಿದರೂ ಎರಡೂ ಕಡೆಗೆ ಸಮ ಮಾಡಿ ಕಟ್ಟುವ ಈ ಜನ, ಇಷ್ಟು ದೊಡ್ಡ ಹೆಂಗಸನ್ನು ಒಂದೇ ಕಡೆಗೆ ನೇತುಹಾಕಿಕೊಂಡು ಕೆಸರಿನಲ್ಲಿ ಹೋಗುತ್ತಾರೆ. ಬಿದ್ದರೆ ಟೈರನ್ನು ಬೈಯುತ್ತಾರೆ.

ಮುಂದಿನ ಭಾನುವಾರ ಯಜಮಾನರು ಹೊಸ ಟೈರು ನೋಡಲು ತುಮಕೂರಿಗೆ ಹೊರಟರು. ನಾನೂ ಬರುತ್ತೇನೆ ಎಂದೆ. "ನೀನ್ಯಾಕೆ ಅಲ್ಲಿಗೆ?" ಎಂದರು. ಬೀಳುವವಳು ನಾನಲ್ಲವೇ, ಅದಕ್ಕೆ ಎಂದೆ.

ತುಮಕೂರಿನ ಬಟವಾಡಿಯಲ್ಲಿ ರಸ್ತೆಗೇ ಟೈರುಗಳನ್ನು ಪೇರಿಸಿಟ್ಟಿದ್ದ ಅಂಗಡಿ. ಅಂಗಡಿಯ ಸಾಹೇಬರು ನನಗೆ ಸ್ಟೂಲು ಹಾಕಿಸಿ, ಯಜಮಾನರ ಜೊತೆ ಮಾತಿಗೆ ನಿಂತರು. ಇವರು ಒಂದೊಂದು ಟೈರಿಗೂ ಹೆಬ್ಬೆರಳ ಉಗುರು ಒತ್ತಿ ನೋಡಿದರು. ಮೂಸಿ ನೋಡಿದರು. ರಬ್ಬರನ್ನು ಮೂಸಿದರೆ ಏನು ತಿಳಿಯುತ್ತದೋ ದೇವರಿಗೇ ಗೊತ್ತು. ಕೊನೆಗೆ ಸಾಹೇಬರು, "ಸಾರ್, ನಿಮ್ದು ಅರ್ಧ ಟಾರ್ ರೋಡು, ಅರ್ಧ ಮಣ್ಣು. ಮುಂದೆ ಲೈನ್ ಇರ್ಲಿ, ಹಿಂದೆ ಬಟನ್ ಹಾಕ್ಕೊಳ್ಳಿ. ಹೆಸ್ರಿಲ್ಲದ ಕಂಪನಿ, ರೇಟು ಕಮ್ಮಿ, ಮಾಲು ಚೆನ್ನಾಗದೆ" ಎಂದರು. ಸರಿಯಾದ ಮಾತೇ. ನನಗೂ ಒಪ್ಪಿಗೆಯಾಯಿತು. ಆಗ ನಾನು ಬಾಯಿ ಬಿಟ್ಟೆ.

"ಟೈರ್ ಯಾವ್ದಾದ್ರೂ ಹಾಕಿ. ಮಣ್ಣ ದಾರೀಲಿ ನಾನು ಎರಡೂ ಕಡೆ ಕಾಲ್ ಹಾಕ್ಕೊಂಡು ಕೂತ್ಕೋತೀನಿ. ಆಗ ಬೀಳಲ್ಲ" ಎಂದೆ.

ಅಂಗಡಿಯಲ್ಲಿದ್ದ ಗಂಡಸರೆಲ್ಲ ನನ್ನ ಕಡೆ ತಿರುಗಿದರು. ಒಬ್ಬ ಕಿಸಕ್ಕನೆ ನಕ್ಕ. ಸಾಹೇಬರು ಪಾಪ, ಮುಜುಗರಪಟ್ಟುಕೊಂಡು ಟೈರಿನ ಧೂಳು ಒರೆಸತೊಡಗಿದರು. ಯಜಮಾನರ ಮುಖ ಕೆಂಪಾಯಿತು. "ಸುಮ್ನೆ ಕೂತ್ಕೋ" ಎಂದು ಹಲ್ಲು ಕಚ್ಚಿಕೊಂಡು ಹೇಳಿದರು. ಸಾಹೇಬರು ಹೇಳಿದ ಟೈರುಗಳನ್ನೇ ಹಾಕಿಸಿಕೊಂಡು ಗುಬ್ಬಿಗೆ ಗಾಡಿ ತಿರುಗಿಸಿದರು. ಮನೆಗೆ ಬಂದವರೇ ತಮ್ಮ ತಾಯಿಯ ಮುಂದೆ ಎಲ್ಲವನ್ನೂ ಹೇಳಿದರು.

"ಗಂಡುಸ್ರ ಥರ ಕಾಲಗಲ್ಸಿ ಕೂತ್ಕೋತೀಯೇನೇ? ಯಾವ ಮನೆ ಹೆಂಗುಸ್ರು ಕೂತವ್ರೆ ಹಂಗೆ? ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ ನಾವು?" ಎಂದು ಅತ್ತೆ ಗಂಟಲು ಹರಿದುಕೊಂಡರು.

"ನಿಮ್ಮ ಮಗಳ ಹೆರಿಗೆಗೇ ಅತ್ತೆ ನಾನು ಹೋಗ್ಬೇಕಾಗಿರೋದು. ನನ್ನ ತವರಿನ ಜಾತ್ರೆಗಲ್ಲ" ಎಂದೆ.

"ಅದಕ್ಕೇ ಅವ್ನು ಹೊಸ ಟೈರ್ ಹಾಕ್ಸಿಲ್ವಾ?"

ಸ್ವಂತ ಮಗಳು, ಒಂದು ಮಗು ಕಳೆದುಕೊಂಡವಳು. ಅವಳಿಗಾಗಿ ಈ ತಾಯಿ ಹರಕೆ ಹೊತ್ತಿದ್ದರು, ಒಪ್ಪೊತ್ತು ಉಪವಾಸ ಮಾಡುತ್ತಿದ್ದರು. ಅದೆಲ್ಲ ಆಗುತ್ತಿತ್ತು. ಸೊಸೆ ಗಾಡಿಯ ಮೇಲೆ ಇನ್ನೊಂದು ಕಾಲನ್ನು ಆಚೆ ಕಡೆಗೆ ಹಾಕುವುದು ಮಾತ್ರ ಆಗುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ದಡಬಡ ಕುಕ್ಕಿದೆ. ಅಷ್ಟೇ ಆಗಿದ್ದು ನನ್ನ ಕೈಯಲ್ಲಿ ಆವತ್ತು.

ಕರೆ ಬಂತು. ಹೇಳಿದ ದಿನಕ್ಕಿಂತ ಮುಂಚೆಯೇ ಬಂತು. ನಾನು ರಜೆ ಹಾಕಿ ಮೊದಲೇ ಹೋಗಿ ಕೂರಬೇಕೆಂದಿದ್ದದ್ದು ನಡೆಯಲಿಲ್ಲ. ಮಧ್ಯಾಹ್ನ ಯಜಮಾನರು ಏದುಸಿರು ಬಿಡುತ್ತ ಬಂದರು. ಹೊರಟೆವು. ಬಟನ್ ಟೈರು ಡಾಂಬರಿನ ಮೇಲೆ ಗೊರಗೊರ ಎನ್ನುತ್ತ ಓಡಿತು. ತುಮಕೂರು ದಾಟಿದ ಮೇಲೆ ಮಳೆ ಹಿಡಿಯಿತು. ನೀರಿನಲ್ಲೂ ಟೈರು ಅಲುಗಾಡಲಿಲ್ಲ. "ನೋಡ್ದಾ? ಟೈರ್ ಅಂದ್ರೆ ಹಿಂಗಿರ್ಬೇಕು" ಎಂದರು ಯಜಮಾನರು. ನಾನು ಬ್ಯಾಗು ತಬ್ಬಿಕೊಂಡು, ಎಡಗಡೆಗೆ ನೇತಾಡುತ್ತ, ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಕುಣಿಗಲ್ ದಾಟಿ ಕೆರೆಯ ಮಗ್ಗುಲಿಗೆ ತಿರುಗಿದೆವು. ಜೇಡಿ ಮಣ್ಣು, ಕಣಕದ ಹಾಗೆ ಕಲಸಿಹೋಗಿತ್ತು. ಒಂದಿಷ್ಟು ದೂರ ಟೈರು ಕಚ್ಚಿಕೊಂಡೇ ಹೋಯಿತು. ಆಮೇಲೆ ಆ ಗುಬುಟುಗಳ ಸಂದಿಗೆಲ್ಲ ಮಣ್ಣು ಮೆತ್ತಿಕೊಂಡು, ಬಟನ್ ಟೈರು ಹೋಗಿ ಬೋಳು ಟೈರೇ ಆಯಿತು. ಹಿಂದಿನ ಚಕ್ರ ಸುಯ್ಯೆಂದಿತು. ಯಜಮಾನರು ಎರಡೂ ಕಾಲು ಊರಿದರು. ನಾನು ಕೆಸರಿನಲ್ಲಿದ್ದೆ.

ಬ್ಯಾಗನ್ನು ಮಾತ್ರ ಈ ಸಲ ತಲೆಯ ಮೇಲೆ ಎತ್ತಿ ಹಿಡಿದಿದ್ದೆ, ಅದು ನೆನೆಯಲಿಲ್ಲ. ಎದ್ದು ನೋಡುತ್ತೇನೆ, ನಮ್ಮ ಯಜಮಾನರು ಕುಕ್ಕರುಗಾಲಿನಲ್ಲಿ ಕೂತು ಕಡ್ಡಿ ಹಿಡಿದು ಟೈರಿನ ಸಂದಿಯ ಮಣ್ಣು ಕೆರೆಯುತ್ತಿದ್ದಾರೆ! "ಮೋಸ ಮಾಡ್ಬಿಟ್ಟ ಕಣೇ ಸಾಬಿ. ಮಾಲು ಚೆನ್ನಾಗಿಲ್ಲ" ಎನ್ನುತ್ತಿದ್ದಾರೆ. ಅಲ್ಲಿ ಅವರ ತಂಗಿ ನೋವು ತಿನ್ನುತ್ತಿದ್ದಾಳೆ, ಇಲ್ಲಿ ಹೆಂಡತಿ ಮೈತುಂಬ ಕೆಸರು ಮೆತ್ತಿಕೊಂಡು ನಿಂತಿದ್ದಾಳೆ, ಇವರಿಗೆ ಟೈರು.

"ಬಿಡ್ರೀ ಆ ಟೈರ್‌ನ!" ಎಂದು ಕಿರುಚಿದೆ. ಗಂಡನ ಮೇಲೆ ಅಷ್ಟು ಜೋರಾಗಿ ನಾನು ಎಂದೂ ಕೂಗಿರಲಿಲ್ಲ. "ಅದ್ರಲ್ಲೇನೂ ತಪ್ಪಿಲ್ಲ. ಎದ್ದೇಳಿ, ಗಾಡಿ ಸ್ಟಾರ್ಟ್ ಮಾಡಿ!"

ನಾಟಿ ಹಾಕುವ ಹೆಂಗಸರು ಕಟ್ಟುವ ಹಾಗೆ ಸೀರೆಯನ್ನು ಮಂಡಿಗೆ ಎತ್ತಿ, ಕಚ್ಚೆ ಹಾಕಿ ಬಿಗಿದೆ. ನನ್ನದು ನರ್ಸಿನ ಬಿಳಿ ಸೀರೆ, ಬಿಳಿ ಎಲ್ಲಿ ಉಳಿದಿತ್ತು. ಬ್ಯಾಗಿನ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು, ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತೆ. ಯಜಮಾನರು ಬಾಯಿ ತೆರೆದರು. ನನ್ನ ಮುಖ ನೋಡಿ ಮುಚ್ಚಿಕೊಂಡರು.

ಗಾಡಿ ಹೊರಟಿತು. ಜಾರಲಿಲ್ಲ ಎಂದಲ್ಲ, ಬೇಕಾದಷ್ಟು ಸಲ ಜಾರಿತು. ಜಾರಿದಾಗೆಲ್ಲ ಅವರ ಎರಡು ಕಾಲಿನ ಜೊತೆ ನನ್ನ ಎರಡು ಕಾಲೂ ನೆಲಕ್ಕೆ ಬಂದವು. ನಾಲ್ಕು ಕಾಲಿನಲ್ಲಿ ತಳ್ಳಿಕೊಂಡು, ಕೆಸರು ಎರಚಿಕೊಂಡು ಹೋದೆವು. ಹಳ್ಳಿ ಕಾಣಿಸಿದ್ದೇ ಯಜಮಾನರು ಗಾಡಿ ನಿಧಾನ ಮಾಡಿದರು. "ಇಲ್ಲಿ ಇಳಿದು ಸರಿಯಾಗಿ ಕೂತ್ಕೊಂಡ್ಬುಡು" ಎಂದರು. ನಾನು ಅವರ ಬೆನ್ನಿಗೆ ಒಂದು ಗುದ್ದಿದೆ. ಗಾಡಿ ನಿಲ್ಲಲಿಲ್ಲ. ಜಗಲಿಯ ಮೇಲಿದ್ದವರೆಲ್ಲ ಕಣ್ಣು ಕಣ್ಣು ಬಿಟ್ಟುಕೊಂಡು ನೋಡಿದರು.

ನಾದಿನಿಯ ಹತ್ತಿರ ಹೋದಾಗ ಹೊತ್ತು ಮೀರಿರಲಿಲ್ಲ. ಕೈ ತೊಳೆದು, ಕತ್ತರಿ ಕುದಿಸಲು ಹೇಳಿ ಕೂತೆ. ಈ ಸಲ ತಲೆಯೇ ಮುಂದಾಗಿತ್ತು. ಆದರೆ ಕುತ್ತಿಗೆಗೆ ಹೊಕ್ಕುಳಬಳ್ಳಿ ಬಿಗಿಯಾಗಿ ಸುತ್ತಿಕೊಂಡಿತ್ತು. ಬಿಡಿಸಿದೆ. ಮಗು ನೀಲಿಯಾಗಿತ್ತು, ಉಸಿರಿಲ್ಲ. ಬಾಯಿ ಒರೆಸಿ, ಬೆನ್ನು ಉಜ್ಜಿ, ಅಂಗಾಲಿಗೆ ತಟ್ಟಿದೆ. ಅಳು ಕಂದಾ, ಅಳೇ ಎಂದು ಬೈದೆ. ಅತ್ತಿತು. ಹೆಣ್ಣು ಮಗು. ನಾದಿನಿ ನನ್ನ ಕೆಸರು ಮೆತ್ತಿದ ಸೀರೆಯನ್ನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತುಬಿಟ್ಟೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಇದೂ ಪಂಚೆಯಲ್ಲಿ ಸುತ್ತಿ ಮೂಲೆಗೆ ಹೋಗುತ್ತಿತ್ತು.

ಪುರುಡು ಕಳೆಯುವ ತನಕ ರಜೆ ಹಾಕಿ ಅಲ್ಲೇ ಇದ್ದೆ. ಯಜಮಾನರು ಮಾರನೆಯ ದಿನವೇ ವಾಪಸು ಹೋದರು. ಗುಬ್ಬಿಯಲ್ಲಿ, ಕಚೇರಿಯಲ್ಲಿ ಏನೇನು ಹೇಳಿಕೊಂಡು ತಿರುಗಿದರು ಎಂದು ನನಗೆ ತಿಳಿದದ್ದು ಪುರುಡು ಕಳೆದ ದಿನ ಅತ್ತೆ ಬಸ್ಸಿನಲ್ಲಿ, ಅವರು ಗಾಡಿಯಲ್ಲಿ ಬಂದಾಗ. ಹೊಸ ಟೈರು ಆ ಕೆಸರಿನಲ್ಲಿ ಹೇಗೆ ಎಳೆದುಕೊಂಡು ಬಂತು, ಮುಂದೆ ಲೈನ್ ಹಿಂದೆ ಬಟನ್ ಹಾಕಿಸಿದ್ದು ಎಷ್ಟು ಒಳ್ಳೆಯದಾಯಿತು, ತಾವು ಅದನ್ನು ಎಷ್ಟು ಯೋಚಿಸಿ ಆರಿಸಿದರು! ಊಟದ ಪಂಕ್ತಿಯಲ್ಲಿ ನೆಂಟರಿಗೆಲ್ಲ ಬಾಯಿ ತುಂಬ ಹೇಳಿದರು. ನಾನು ಬಿದ್ದದ್ದು ಅದರಲ್ಲಿರಲಿಲ್ಲ. ಎದ್ದು ಎರಡೂ ಕಡೆ ಕಾಲು ಹಾಕಿ ಕೂತದ್ದಂತೂ ಇರಲೇ ಇಲ್ಲ. ನಾನು ಎಲೆ ಮುಂದೆ ಕೂತು ಒಬ್ಬಟ್ಟನ್ನು ಚೂರು ಚೂರು ಮಾಡಿದೆ.

ಹೊರಡುವ ಹೊತ್ತಿಗೆ ಅತ್ತೆ ತಟ್ಟೆ ಹಿಡಿದು ಅಂಗಳಕ್ಕೆ ಬಂದರು. ಬಗ್ಗಿ, ಹಿಂದಿನ ಟೈರಿಗೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದರು. "ನನ್ ಮೊಮ್ಮಗೂನ ಉಳಿಸ್ಕೊಡ್ತು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಈ ಊರೋರು ನಿನ್ನ ನೋಡಿದ್ದು ನನ್ನ ಕಿವಿಗೂ ಬಿತ್ತು. ಆಗಿದ್ದು ಆಗೋಯ್ತು. ಇನ್ಮೇಲಾದ್ರೂ ನೆಟ್ಟಗೆ ಕೂತ್ಕೊಳೇ ತಾಯಿ. ಒಳ್ಳೇ ಟೈರ್ ಬಂತಲ್ಲ, ಇನ್ಯಾಕೆ ಆ ಕರ್ಮ?" ಎಂದರು.

ಸೀರೆ ಎತ್ತಿ ಕಚ್ಚೆ ಬಿಗಿದೆ. ಅಂಗಳದ ತುಂಬ ನೆಂಟರು. ಆಚೆಗೊಂದು ಈಚೆಗೊಂದು ಕಾಲು ಹಾಕಿ ಗಾಡಿಯ ಮೇಲೆ ಕೂತೆ.

"ಇಳಿ" ಎಂದರು ಯಜಮಾನರು, ಹಿಂದಕ್ಕೆ ತಿರುಗದೆ.

"ಇಳಿಯಲ್ಲ."

"ಜನ ನೋಡ್ತಾವ್ರೆ ಕಣೇ. ಮರ್ಯಾದೆಯಾಗಿ ಕೂತ್ಕೊಳೋ ಹಂಗಿದ್ರೆ ಬಾ, ಇಲ್ದಿದ್ರೆ ಬಸ್ಸಲ್ಲಿ ಬಾ" ಎಂದು ಅವರೇ ಗಾಡಿಯಿಂದ ಇಳಿದು ದೂರ ಹೋಗಿ ನಿಂತರು. ನಾನೊಬ್ಬಳೇ ಗಾಡಿಯ ಮೇಲೆ ಉಳಿದೆ. ಯಾರೋ ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕದ್ದು ಕೇಳಿಸಿತು. ಆದರೂ ಇಳಿಯಲಿಲ್ಲ.

ನಾದಿನಿ ಒಳಗಿನಿಂದ ಬಂದಳು. ತಲೆಗೆ ಬಟ್ಟೆ ಕಟ್ಟಿತ್ತು, ತೋಳಿನಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಅವಳ ಅತ್ತೆ ತಡೆಯಲು ಹೋದರು, ಅವಳು ನಿಲ್ಲಲಿಲ್ಲ. ನೇರ ತನ್ನ ಅಣ್ಣನ ಮುಂದೆ ಹೋಗಿ ನಿಂತಳು.

"ಅಣ್ಣಾ, ಹೋದ್ಸಲ ಅತ್ತಿಗೆ ಮರ್ಯಾದೆಯಾಗೇ ಕೂತ್ಕೊಂಡು ಬಂದ್ರು" ಎಂದಳು. "ಬರೋದ್ರೊಳಗೆ ನನ್ ಮಗು ಸತ್ತೋಗಿತ್ತು."

ಅತ್ತೆ ತಟ್ಟೆ ಹಿಡಿದುಕೊಂಡೇ ಜಗಲಿಯ ಮೇಲೆ ಕುಸಿದು ಕೂತರು. ಯಜಮಾನರು ತಂಗಿಯ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಬಂದು ಗಾಡಿ ಹತ್ತಿ ಕಿಕ್ ಹೊಡೆದರು.